ಬರೆದುಕೊಂಡು ಹೋದವರು ಮತ್ತೆ ಬರಬೇಕು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ 'ವಿಶ್ವವಿದ್ಯಾಲಯಗಳಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣ' ಎಂದು. ಆಹ್ವಾನ ಪತ್ರಿಕೆ ನೋಡಿದ ನಮ್ಮ ಸೋದರಮಾವ, "ಇದನ್ನ ನಮ್ಮೂರಲ್ಲಿ ಯಾರಿಗೆ ಹೇಳ್ತೀಯಪ್ಪ, ಮೈಸೂರಲ್ಲಿ ಹೇಳೋ ಮಾತಲ್ವೆ ಇದು?" ಎಂದರು. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಮೈಸೂರಿನ ಸಭಾಂಗಣಗಳಲ್ಲಿ ಇದನ್ನು ಬೇಕಾದಷ್ಟು ಸಲ ಹೇಳಿ ಆಗಿದೆ. ಹೇಳಬೇಕಾದ ಜಾಗದಲ್ಲಿ ಹೇಳಿದ್ದು ಇಲ್ಲ. ಅದಕ್ಕೆ ಒಂದು ಹಳೆಯ ಕಾರಣವೂ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಮುಂಗಾರು ಜೋರಾಗಿ ಹಿಡಿದು ಕಪಿಲೆ ಕೆಂಪಾಗಿದ್ದ ದಿನಗಳು. ಹೊಳೆ ನೀರು ಬಾವಿಗಳ ಕಡೆಗೆ ಬಂದಿತ್ತು. ಒಂದು ವಾರದಲ್ಲಿ ಕೇರಿಯಲ್ಲಿ ವಾಂತಿಭೇದಿ ಶುರುವಾಯಿತು, ಆಮೇಲೆ ನಮ್ಮ ಬೀದಿಯಲ್ಲೂ. ನಾಲ್ಕನೆಯ ದಿನವೋ ಐದನೆಯ ದಿನವೋ ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪೌಡರಿನ ಚೀಲ ಕಟ್ಟಿಕೊಂಡು ಒಬ್ಬ ಇನ್ಸ್‌ಪೆಕ್ಟರು ಬಂದರು. ಬಾವಿಗೆ ಸುರಿದರು, ಚರಂಡಿಯ ಪಕ್ಕ ಗೆರೆ ಎಳೆದರು, ಹೋದರು. ಶಾಲೆಗೆ ಎಂಟು ದಿನ ರಜೆ. ಮಕ್ಕಳಲ್ಲವೆ, ರಜೆ ಎಂದು ನಾವು ಖುಷಿಯಾಗಿಯೇ ಇದ್ದೆವು. ಶಾಲೆ ಮತ್ತೆ ತೆರೆದಾಗ ನನ್ನ ಬೆಂಚಿನಲ್ಲಿ ನನ್ನ ಎಡಗಡೆ ಕೂರುತ್ತಿದ್ದವನು ಬರಲಿಲ್ಲ. ಹಾಜರಿ ಕರೆಯುವಾಗ ಮೇಷ್ಟ್ರು ಅವನ ಹೆಸರಿಗೆ ಬಂದು ಒಂದು ಗಳಿಗೆ ನಿಂತರು, ಮುಂದಿನ ಹೆಸರು ಕೂಗಿದರು. ಅಷ್ಟೆ.

ಮುಂದೆ ನಾನು ವೈದ್ಯನಾದೆ. ಸಮುದಾಯ ವೈದ್ಯಶಾಸ್ತ್ರ ಎಂಬ ವಿಷಯದಲ್ಲಿ ಎಂ.ಡಿ. ಓದಿದೆ. ಓದುವಾಗ ಒಂದು ಹಟ ಹತ್ತಿತು. ಆ ವರ್ಷ ನಮ್ಮೂರಲ್ಲಿ ಎಷ್ಟು ಜನಕ್ಕೆ ಕಾಯಿಲೆ ಬಂತು, ಎಷ್ಟು ಜನ ಹೋದರು, ಯಾವ ಬಾವಿಯ ನೀರು ಕುಡಿದವರು ಎಂದು ಲೆಕ್ಕ ಹುಡುಕಬೇಕು ಎಂದು. ಸಂಬಂಧಪಟ್ಟ ಕಚೇರಿಯೊಂದರ ಕಪಾಟಿನಲ್ಲಿ ರಿಜಿಸ್ಟರು ಸಿಕ್ಕಿತು. ನಮ್ಮೂರ ಹೆಸರೂ ಇತ್ತು, ಆ ತಿಂಗಳೂ ಇತ್ತು. ಅದರ ಎದುರು ಬರೆದಿದ್ದ ಪದ ಒಂದೇ: 'ಇಲ್ಲ'. ಬರೆದವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಹತ್ತಾರು ಊರಿಗೆ ಒಬ್ಬರು, ಒಂದು ಸೈಕಲ್ಲು. ಆದರೆ ಆ 'ಇಲ್ಲ' ಎಂಬ ಪದ ನನ್ನನ್ನು ಬಿಟ್ಟಿಲ್ಲ. ನಾನು ಮುಂದೆ ಮಾಡಿದ ಕೆಲಸವೆಲ್ಲ ಒಂದು ರೀತಿಯಲ್ಲಿ ಅದನ್ನು ಅಳಿಸುವ ಪ್ರಯತ್ನವೇ.

ಸಾರ್ವಜನಿಕ ಆರೋಗ್ಯ ಎಂದರೆ ಏನು ಎಂದು ಕೇಳುವವರಿಗೆ ನಾನು ಹೀಗೆ ಹೇಳುತ್ತೇನೆ: ವೈದ್ಯರು ರೋಗಿಯ ನಾಡಿ ಹಿಡಿಯುತ್ತಾರೆ, ಇದು ಊರಿನ ನಾಡಿ ಹಿಡಿಯುವ ವಿದ್ಯೆ. ನಿಮಗೆಲ್ಲ ನೆನಪಿರುವ ಉದಾಹರಣೆ ಕೊಡುತ್ತೇನೆ. 2020ರ ಮಾರ್ಚ್ ಕೊನೆಯ ವಾರ ನಂಜನಗೂಡಿನ ಔಷಧ ಕಾರ್ಖಾನೆಯ ಒಬ್ಬ ನೌಕರರಿಗೆ ಕೋವಿಡ್ ಇರುವುದು ಗೊತ್ತಾಯಿತು. ಕೆಲವೇ ವಾರಗಳಲ್ಲಿ ಆ ಒಂದೇ ಕೊಂಡಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ. ಸಾವಿರಕ್ಕೂ ಮಿಕ್ಕಿ ನೌಕರರು ಮನೆಯಲ್ಲೇ ಬಂಧಿ. ನಂಜನಗೂಡಿನವರು ಎಂದರೆ ಮೈಸೂರಿನಲ್ಲಿ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಗ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ನಿಂತವರು ವೈದ್ಯರು ಮತ್ತು ದಾದಿಯರು, ನಿಜ. ಆದರೆ ಯಾರು ಯಾರ ಪಕ್ಕ ಕೂತು ಊಟ ಮಾಡಿದರು, ಯಾವ ಪಾಳಿ, ಯಾವ ಬಸ್ಸು, ಮನೆಯಲ್ಲಿ ಎಷ್ಟು ಜನ ಎಂದು ಒಂದೊಂದೇ ಎಳೆ ಬಿಡಿಸಿ ಪಟ್ಟಿ ಮಾಡಿದವರು ಬೇರೆ. ಆ ಪಟ್ಟಿ ಇಲ್ಲದಿದ್ದರೆ ಎಪ್ಪತ್ತು ಏಳುನೂರಾಗುತ್ತಿತ್ತು. ಆ ಪಟ್ಟಿ ಮಾಡುವುದು ಹೇಗೆಂದು ಹೇಳಿಕೊಡುವ ಪದವಿಯೇ ಎಂ.ಪಿ.ಎಚ್., ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ಅದರಲ್ಲಿ ರೋಗ ಹರಡುವ ಬಗೆಯ ಅಧ್ಯಯನ, ಲೆಕ್ಕಶಾಸ್ತ್ರ, ನೀರು ನೈರ್ಮಲ್ಯ, ಪೌಷ್ಟಿಕತೆ, ಆರೋಗ್ಯದ ಅರ್ಥಶಾಸ್ತ್ರ, ಕಾನೂನು, ಆಡಳಿತ ಎಲ್ಲ ಇರುತ್ತದೆ. ಎರಡು ವರ್ಷ, ನಾಲ್ಕು ಸೆಮಿಸ್ಟರು, ಕೊನೆಗೊಂದು ಪ್ರಬಂಧ.

ಇದೇನೂ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಅಜ್ಜಿಯರು ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರನ್ನೂ ಬಿಡಲಿಲ್ಲ. ಆ ಹೊಡೆತಕ್ಕೆ ಸಿಕ್ಕಿಯೇ ಮೈಸೂರು ನಗರದ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಲು 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಬಂತು. ಇವತ್ತು ಮೈಸೂರಿನ ಅಗಲ ರಸ್ತೆಗಳನ್ನು ಹೊಗಳುವವರು ಅದರ ಹಿಂದೆ ಇಲಿ ಇತ್ತು ಎಂಬುದನ್ನು ಮರೆತಿದ್ದಾರೆ.

1929ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಒಂದು ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು. ಇವತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಅಜ್ಜ ಅದು ಎನ್ನಬಹುದು. ಹೆರಿಗೆ, ಹುಟ್ಟು ಸಾವಿನ ದಾಖಲೆ, ಕಕ್ಕಸು, ಬಾವಿ, ಶಾಲಾ ಮಕ್ಕಳ ತಪಾಸಣೆ, ಇವನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಯೋಚನೆ. 1936ರಲ್ಲಿ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಇನ್ನೊಂದು ಬಂತು. ನಾಲೆ ಬಂದ ಕಡೆಯೆಲ್ಲ ಸೊಳ್ಳೆಯೂ ಚಳಿಜ್ವರವೂ ಬರುತ್ತಿದ್ದ ಕಾಲ. ಹುಲ್ಲಹಳ್ಳಿ ನಾಲೆಯ ದಂಡೆಯಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1930ರಲ್ಲೇ ಸರ್ಕಾರದ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಆಜ್ಞೆ ಹೊರಡಿಸಿದ ಸಂಸ್ಥಾನ ನಮ್ಮದು.

ಕೆಲಸ ಇಲ್ಲಿತ್ತು, ಆದರೆ ಅದನ್ನು ಕಲಿಸುವ ಜಾಗ ಇಲ್ಲಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದೇ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಕ್ಕೇ ಒಂದು ಪ್ರತ್ಯೇಕ ಶಾಲೆ ಸ್ಥಾಪನೆಯಾಯಿತು, ಅದೂ ರಾಕ್‌ಫೆಲರ್ ಹಣದಿಂದಲೇ. ನಮ್ಮಲ್ಲಿ ವೈದ್ಯಕೀಯ ಕಾಲೇಜು ಬಂದದ್ದು 1924ರಲ್ಲಿ, ಬೆಂಗಳೂರಿನಲ್ಲಿ. 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿ ಆರೋಗ್ಯಶಾಸ್ತ್ರ ಒಂದು ಪುಟ್ಟ ವಿಷಯ, ಪರೀಕ್ಷೆಗೆ ಮುಂಚಿನ ರಾತ್ರಿ ಓದುವಂಥದ್ದು. ಹೆಚ್ಚಿಗೆ ಓದಬೇಕೆಂದರೆ ಕಲ್ಕತ್ತೆಯಲ್ಲಿ 1932ರಲ್ಲಿ ತೆರೆದ ಅಖಿಲ ಭಾರತ ಸಂಸ್ಥೆಗೆ ಹೋಗಬೇಕು. ಅಲ್ಲಿನ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾಗೆ ವೈದ್ಯರೇ ಆಗಿರಬೇಕು. 1946ರ ಭೋರ್ ಸಮಿತಿ ವೈದ್ಯನನ್ನು ಸಮಾಜದ ವೈದ್ಯನನ್ನಾಗಿ ಮಾಡಿ ಎಂದಿತು. ಕಾಲೇಜುಗಳು ಒಂದು ವಿಭಾಗ ತೆರೆದು ಸುಮ್ಮನಾದವು. ವೈದ್ಯರಲ್ಲದವರಿಗೂ ಬಾಗಿಲು ತೆರೆದ ಎಂ.ಪಿ.ಎಚ್. ನಮ್ಮ ದೇಶದಲ್ಲಿ ಬೇರು ಬಿಟ್ಟದ್ದು ತೀರ ಇತ್ತೀಚೆಗೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಎಂ.ಪಿ.ಎಚ್. ಆರಂಭಿಸಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಈಗ ಮಣಿಪಾಲದಲ್ಲಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕಾಸರಗೋಡಿನ ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ತಾಲ್ಲೂಕಿನ ಸುತ್ತೂರಿನಿಂದ ಬೆಳೆದ ಜೆ.ಎಸ್.ಎಸ್. ವಿಶ್ವವಿದ್ಯಾಲಯದಲ್ಲಿ, ಮೈಸೂರಿನಲ್ಲೇ ಇದೆ.

ಕಟ್ಟಡ, ಬೋರ್ಡು, ಪಠ್ಯಕ್ರಮ, ಇವೆಲ್ಲ ಇದ್ದರೆ ಶಿಕ್ಷಣ ಬಂದಂತಾಯಿತೆ? ನಾನು ಒಂದು ವಿಶ್ವವಿದ್ಯಾಲಯದಲ್ಲಿ ಈ ಕೋರ್ಸು ಕಟ್ಟುವ ಸಮಿತಿಯಲ್ಲಿ ಕೆಲವು ವರ್ಷ ಇದ್ದೆ. ಹೆಸರು ಬೇಡ, ಏಕೆಂದರೆ ನಾನು ಹೇಳಲಿರುವುದು ನಾವು ಮಾಡಿದ ತಪ್ಪುಗಳ ಕಥೆ, ಅದರಲ್ಲಿ ನನ್ನ ಪಾಲೂ ದೊಡ್ಡದು.

ಮೊದಲ ಸಭೆಯಲ್ಲೇ ಜಗಳ. ಹಿರಿಯರೊಬ್ಬರು, "ಸ್ಟೆತಸ್ಕೋಪು ಮುಟ್ಟದವರಿಗೆ ಆರೋಗ್ಯದ ಪದವಿಯೇ?" ಎಂದು ಮೇಜು ಕುಟ್ಟಿದರು. ನಾನೂ ಒಳಗೊಳಗೆ ಅವರ ಪಕ್ಷವೇ. ಹೇಗೋ ಬಾಗಿಲು ತೆರೆಯಿತು. ಮೊದಲ ತಂಡದಲ್ಲಿ ದಂತವೈದ್ಯರು, ಆಯುರ್ವೇದ ಓದಿದವರು, ಒಬ್ಬ ದಾದಿ, ಸಮಾಜಕಾರ್ಯ ಓದಿದ ಒಬ್ಬ ಹುಡುಗಿ. ಗರ್ಭಿಣಿಯರ ರಕ್ತಹೀನತೆ ಬಗ್ಗೆ ಒಂದು ಕ್ಷೇತ್ರಕಾರ್ಯ ಕೊಟ್ಟೆವು. ವೈದ್ಯ ಪದವೀಧರರು ಉಪಕೇಂದ್ರಕ್ಕೆ ಹೋಗಿ ಎಷ್ಟು ಕಬ್ಬಿಣದ ಮಾತ್ರೆ ಹಂಚಲಾಗಿದೆ ಎಂದು ಎಣಿಸಿಕೊಂಡು ಬಂದರು. ಲೆಕ್ಕ ಚೆನ್ನಾಗಿತ್ತು. ಈ ಹುಡುಗಿ ಮಾತ್ರ ಮನೆಗಳ ಅಡುಗೆಮನೆಗೆ ಹೋಗಿ ಕೂತಳು. ಮಾತ್ರೆಗಳು ಅಟ್ಟದ ಡಬ್ಬಿಯಲ್ಲಿದ್ದವು. ನುಂಗಿದರೆ ಮಲ ಕಪ್ಪಾಗುತ್ತದೆ, ಹಾಗಾದರೆ ಮಗುವೂ ಕಪ್ಪಾಗುತ್ತದೆ ಎಂದು ಅತ್ತೆಯರ ಅಂದಾಜು. ಇದನ್ನು ಅತ್ತೆಯರ ದಡ್ಡತನ ಎಂದು ನಗುವವರಿಗೆ ಒಂದು ಪ್ರಶ್ನೆ: ಮಲ ಕಪ್ಪಾಗುವುದು ಸಹಜ ಎಂದು ಮಾತ್ರೆ ಕೊಡುವಾಗ ಯಾರಾದರೂ ಅವರಿಗೆ ಒಂದು ಮಾತು ಹೇಳಿದ್ದರೆ? ಆ ಹುಡುಗಿ ಹೇಳಿದಳು, ಮುಂದಿನ ಸಲ ಅತ್ತೆಯರನ್ನೂ ಕರೆದು ಕೂರಿಸಿದಳು. ಅಂದಿನಿಂದ ನಾನು ಮೇಜು ಕುಟ್ಟುವವರ ಪಕ್ಷ ಬಿಟ್ಟೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಕ್ಷೇತ್ರ ಭೇಟಿ ಎಂದು ವೇಳಾಪಟ್ಟಿಯಲ್ಲಿ ಬರೆದಿದ್ದೆವು. ಬೆಳಿಗ್ಗೆ ಬಸ್ಸು, ಆರೋಗ್ಯ ಕೇಂದ್ರ, ನೀರಿನ ಟ್ಯಾಂಕು, ಅಂಗನವಾಡಿ, ಒಂದು ಗುಂಪು ಫೋಟೊ, ಮಧ್ಯಾಹ್ನದ ಊಟಕ್ಕೆ ವಾಪಸು. ಕೆಲವರು ಪ್ರಶ್ನಾವಳಿ ತುಂಬಿಕೊಳ್ಳುತ್ತಿದ್ದರು. ಟಿ. ನರಸೀಪುರ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ರಾಗಿ ಕೇರುತ್ತಾ ನಮಗೆ ಉತ್ತರ ಕೊಟ್ಟರು. ಎಲ್ಲ ಮುಗಿದ ಮೇಲೆ ಕೇಳಿದರು, "ಹಿಂಗೆ ಬರಕೊಂಡು ಹೋದೋರು ನೀವು ಐದನೇಯವ್ರು ಕಣಪ್ಪ. ಒಬ್ರೂ ತಿರುಗಿ ಬರ್ಲಿಲ್ಲ. ಏನ್ ಬರಕೊಂಡ್ರಿ ಅಂತ ನಮಗೇನ್ ಗೊತ್ತು?" ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಹಳೆಯ ರಿಜಿಸ್ಟರು ನೆನಪಾಯಿತು. ಅಲ್ಲಿ ಬರೆಯದೆ 'ಇಲ್ಲ' ಎಂದಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು, ಆದರೆ ಊರಿನ ಪಾಲಿಗೆ ಅದೂ 'ಇಲ್ಲ'ವೇ.

ಬರೆದಿಟ್ಟದ್ದು ಏನು ಮಾಡಬಲ್ಲದು ಎಂಬುದಕ್ಕೆ ಮೈಸೂರಿನಲ್ಲೇ ಒಂದು ಉದಾಹರಣೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು. ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಾ ಬಂದರು. ಹೆರಿಗೆ ಕೋಣೆಯ ಗಡಿಬಿಡಿಯಲ್ಲಿ, ರಾತ್ರಿ ಎರಡು ಗಂಟೆಗೂ. ಇದರಿಂದ ಮುಂದೆ ಏನಾದೀತು ಎಂದು ಬರೆದವರಿಗೆ ಗೊತ್ತಿರಲಿಲ್ಲ. ಅರವತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಸಂಶೋಧಕರು ಇಲ್ಲಿಯವರ ಜೊತೆ ಸೇರಿ ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಸುತ್ತಮುತ್ತ ಇದ್ದ 517 ಜನರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.2 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3. ಈ ವರದಿ 1996ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬಸುರಿಯ ತಟ್ಟೆಯಲ್ಲಿ ಏನಿತ್ತು ಎಂಬುದಕ್ಕೂ ಐವತ್ತು ವರ್ಷದ ನಂತರ ಅವಳ ಮಗನ ಎದೆನೋವಿಗೂ ಸಂಬಂಧ ಇರಬಹುದು ಎಂದು ಜಗತ್ತು ಯೋಚಿಸತೊಡಗಿದಾಗ, ಅದಕ್ಕೆ ನಮ್ಮ ಭಾಗದ ಸಾಕ್ಷಿ ಸಿಕ್ಕಿದ್ದು ಮೈಸೂರಿನ ದಾದಿಯರ ಕೈಬರಹದಲ್ಲಿ. ಆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಗೆ ಹುಟ್ಟಿದ ಮಕ್ಕಳನ್ನು ಅವರು ಬೆಳೆದಂತೆಲ್ಲ ಮತ್ತೆ ಮತ್ತೆ ಕರೆದು ನೋಡುತ್ತಾ ಬಂದಿದ್ದಾರೆ. ಗಮನಿಸಿ, ಮತ್ತೆ ಮತ್ತೆ ಕರೆದು.

ಆ ನರಸೀಪುರದ ತಾಯಿಯ ಮಾತಿನ ಮೇಲೆ ನಾವು ಒಂದು ನಿಯಮ ತಂದೆವು. ಪ್ರಬಂಧ ಇಂಗ್ಲಿಷಿನಲ್ಲಿರಲಿ, ಆದರೆ ಅದರ ಸಾರ ಎರಡು ಪುಟ ಕನ್ನಡದಲ್ಲಿ ಬರೆದು, ಆ ಊರಿನವರ ಎದುರು ಓದಬೇಕು. ಓದಿದ ಮೇಲೆ ಮೌಖಿಕ ಪರೀಕ್ಷೆ. ಇದಕ್ಕೆ ಬಂದ ವಿರೋಧ ಏನು ಹೇಳಲಿ! ನಿಯಮಾವಳಿಯಲ್ಲಿ ಇಲ್ಲ ಎಂದರು ಒಬ್ಬರು. ಹೊರರಾಜ್ಯದ ಮಕ್ಕಳಿಗೆ ಕನ್ನಡ ಬಾರದು ಎಂದರು ಇನ್ನೊಬ್ಬರು. ಕನ್ನಡ ಬಾರದೆ ಊರಿನ ನಾಡಿ ಹಿಡಿಯುವುದು ಹೇಗೆ ಎಂದು ನಾನು ಕೇಳಿದೆ. ಕೊನೆಗೆ ಐಚ್ಛಿಕ ಎಂಬ ಪದ ಸೇರಿಸಿ ಪಾಸು ಮಾಡಿದರು. ಐಚ್ಛಿಕ ಎಂದರೆ ನಿಮಗೆ ಗೊತ್ತೇ ಇದೆ. ಮೂವರು ಓದಿದರೆ ಹತ್ತು ಜನ ಓದುವುದಿಲ್ಲ. ನಾನು ನಿವೃತ್ತನಾಗುವವರೆಗೂ ಆ ಪದವನ್ನು ತೆಗೆಸಲು ಆಗಲಿಲ್ಲ.

ಓದಿದವರಿಂದ ಏನಾಯಿತು ಎಂಬುದಕ್ಕೆ ಒಂದೇ ಘಟನೆ. ಒಬ್ಬ ಹುಡುಗ ಒಂದು ಊರಿನ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಅಂಕಿ ಓದುತ್ತಿದ್ದ. ಔಷಧಿ ಅರ್ಧಕ್ಕೆ ಬಿಡುವವರು ಹೆಚ್ಚು, ತಿಳಿವಳಿಕೆಯ ಕೊರತೆ ಎಂದ. ಹಿಂದಿನಿಂದ ಒಬ್ಬರು ಎದ್ದು, "ತಿಳಿವಳಿಕೆ ಕೊರತೆ ಅಲ್ಲ ಸ್ವಾಮಿ, ಮಾತ್ರೆ ಕೊಡೋ ದಿನ ಬಸ್ ಇಲ್ಲ" ಎಂದರು. ಅವನು ಪ್ರಬಂಧದ ಕೊನೆಯ ಅಧ್ಯಾಯ ಮತ್ತೆ ಬರೆದ. ಎರಡು ವರ್ಷದಲ್ಲಿ ಅವನಿಗೆ ಸಿಕ್ಕ ಅತ್ಯುತ್ತಮ ಪರೀಕ್ಷಕರು ಅವರೇ ಎಂದು ನಾನು ಅವನಿಗೆ ಹೇಳಿದೆ.

ಇನ್ನು ಪೋಷಕರು ಕೇಳುವ ಪ್ರಶ್ನೆ: ಇದನ್ನು ಓದಿದರೆ ಕೆಲಸ ಸಿಗುತ್ತದೆಯೆ? ಸುಳ್ಳು ಹೇಳಲಾರೆ. ಸಂಶೋಧನಾ ಸಂಸ್ಥೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಸರ್ಕಾರದ ಯೋಜನೆಗಳ ಗುತ್ತಿಗೆ ಹುದ್ದೆಗಳಲ್ಲಿ ಸಿಗುತ್ತದೆ. ಕಾಯಂ ಸರ್ಕಾರಿ ಹುದ್ದೆಗೆ ಈ ಪದವಿಯನ್ನೇ ಕೇಳುವುದು ಅಪರೂಪ. ನನ್ನ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಒಬ್ಬ ಈಗ ವಿಮಾ ಕಂಪನಿಯಲ್ಲಿ ಕ್ಲೇಮು ನೋಡುತ್ತಾನೆ. ಪಕ್ಕದ ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಬೇರೆಯೇ ನಿರ್ದೇಶನಾಲಯ ಇದೆ, 1939ರಿಂದ ಅದಕ್ಕೊಂದು ಕಾನೂನೂ ಇದೆ. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲೇ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ವೃಂದ ಬೇಕೆಂದು ವರದಿ ಕೊಟ್ಟಿತು. ಕೇಂದ್ರ ಸರ್ಕಾರ 2022ರಲ್ಲಿ ರಾಜ್ಯಗಳಿಗೆ ಅಂಥದೇ ವೃಂದದ ಮಾರ್ಗಸೂಚಿ ಕೊಟ್ಟಿದೆ. ಹುದ್ದೆ ಇಲ್ಲದೆ ಪದವಿ ಮಾತ್ರ ಹೆಚ್ಚಿಸಿದರೆ ಅದು ಮಕ್ಕಳಿಗೆ ಮಾಡುವ ಮೋಸ. ಇದನ್ನು ನಾನು ಕುಲಪತಿಗಳ ಎದುರೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ವೇದಿಕೆಯ ಮೇಲೆ ಜನಪ್ರತಿನಿಧಿಗಳೂ ಇದ್ದಾರೆ, ಅವರ ಕಿವಿಗೂ ಬೀಳಲಿ.

ಆದರೂ ಈ ಶಾಲೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ನರ್ಸಿಂಗ್ ಓದಿದವರು, ಬಿ.ಎಸ್ಸಿ. ಮಾಡಿದವರು, ಸಮಾಜಕಾರ್ಯ ಓದಿದವರು ಎಂ.ಬಿ.ಬಿ.ಎಸ್. ಸಿಗಲಿಲ್ಲ ಎಂದು ಆರೋಗ್ಯ ಕ್ಷೇತ್ರದ ಬಾಗಿಲೇ ಮುಚ್ಚಿತು ಅಂದುಕೊಳ್ಳಬೇಡಿ. ಯಾವ ವಿಶ್ವವಿದ್ಯಾಲಯ ಯಾವ ಪದವಿಯವರನ್ನು ತೆಗೆದುಕೊಳ್ಳುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಶುಲ್ಕದಲ್ಲಂತೂ ಅಜಗಜಾಂತರ. ಸೇರುವ ಮುಂಚೆ ವಿಚಾರಿಸಿ, ನನ್ನನ್ನೂ ಕೇಳಿ. ಅತ್ತೆಯರ ಅಡುಗೆಮನೆಗೆ ಹೋಗಿ ಕೂರಬಲ್ಲವರು ನಮಗೆ ಬೇಕು, ಅಂಥವರು ಇಂಥ ಶಾಲೆಗಳಿಂದಲೇ ಬರಬೇಕು.

ಇನ್ನೊಂದೇ ವಿಷಯ, ಗಂಟೆಯ ಹತ್ತಿರ ಯಾರೋ ಹೋಗುತ್ತಿರುವುದು ಕಾಣುತ್ತಿದೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಇದನ್ನು ಹೇಳುತ್ತಿದ್ದೇನೆ. ಮುಂದಿನ ತಿಂಗಳು ಎಂಟು ಮಂದಿ ಎಂ.ಪಿ.ಎಚ್. ವಿದ್ಯಾರ್ಥಿಗಳು ಇಲ್ಲಿಗೆ ಬಂದು ಎರಡು ವಾರ ಇರುತ್ತಾರೆ. ಬಸ್ಸಿನಲ್ಲಿ ಬಂದು ಹೋಗುವುದಲ್ಲ, ಇಲ್ಲೇ ಮಲಗುತ್ತಾರೆ. ಎಂಟೂ ಜನಕ್ಕೆ ಕನ್ನಡ ಬರುತ್ತದೆ, ನಾನೇ ಮಾತಾಡಿಸಿ ನೋಡಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳ ಜೊತೆ ಸೇರಿ ಊರಿನ ಕುಡಿಯುವ ನೀರಿನ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸುತ್ತಾರೆ. ಪ್ರತಿಯೊಂದರಿಂದಲೂ ಒಂದು ಪುಟ್ಟ ಸೀಸೆಗೆ ನೀರು ತುಂಬಿಸಿ ಇಡುತ್ತಾರೆ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಮಲದ ಅಂಶ ಸೇರಿರುವ ಸಂಶಯ, ಬಣ್ಣ ಹಾಗೇ ಉಳಿದರೆ ಸದ್ಯಕ್ಕೆ ನಿಶ್ಚಿಂತೆ. ಮಕ್ಕಳೇ ಮಾಡಬಹುದಾದ ಪರೀಕ್ಷೆ ಅದು. ಮುಂಗಾರಿಗೆ ಮುಂಚೆ ಒಮ್ಮೆ, ಹೊಳೆ ಕೆಂಪಾದ ಮೇಲೆ ಇನ್ನೊಮ್ಮೆ. ಎರಡನೆಯ ಸಲಕ್ಕೂ ಅವರೇ ಬರಬೇಕೆಂದು ಬರೆಸಿಕೊಂಡಿದ್ದೇನೆ, ಈ ಸಲ ಐಚ್ಛಿಕ ಎಂಬ ಪದ ಇಲ್ಲದೆ.

ಲೆಕ್ಕವೆಲ್ಲ ಒಂದು ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಇರುತ್ತದೆ. ಅದರ ಒಂದು ಪ್ರತಿ ಈ ಶಾಲೆಯ ಕಪಾಟಿನಲ್ಲಿ, ಹಾಜರಿ ಪುಸ್ತಕಗಳ ಪಕ್ಕದಲ್ಲಿ. ಕೊನೆಯ ದಿನ ಸಂಜೆ ಇದೇ ಅಂಗಳದಲ್ಲಿ ಓದುತ್ತಾರೆ. ಆವತ್ತು ಕೆಲಸ ಇದ್ದರೂ ಒಂದು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಯಾವ ಬಾವಿಯ ಹೆಸರಾದರೂ ತಪ್ಪಾಗಿ ಓದಿದರೆ ಅಲ್ಲೇ ಎದ್ದು ತಿದ್ದಿ.